ಕೃಷಿಕನೂ ಅವನ ಬರವಣಿಗೆಯೂ

ಗುದ್ದಲಿ ಹಿಡಿಯುವ ಕೈಗೆ ಪೆನ್ನು ಹಿಡಿಯುವುದು ಕಷ್ಟವೆಂದು ಕಾಸರಗೋಡಿನ ನಮ್ಮ ಕಡೆಯ ಕೃಷಿಕರು ಹೇಳುವುದುಂಟು. ಹೇಳುವಾಗ ಆ ಮಾತಿನಲ್ಲಿ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಾಗಿ ಕಾಣುತ್ತದೆ. ಬರೆಯುವುದು ಗುಮಾಸ್ತರ ಕೆಲಸ, ಬೆಳೆಯುವುದು ನಮ್ಮ ಕೆಲಸ ಎಂಬ ಭಾವ ಅದು. ಬೆಳಗ್ಗೆ ತೋಟ, ಹತ್ತು ಗಂಟೆಗೆ ಶಾಲೆ, ಸಂಜೆ ಪುನಃ ತೋಟ, ಹೀಗೆ ಇಪ್ಪತ್ತು ವರ್ಷಗಳಿಂದ ಎರಡೂ ಕೆಲಸಗಳನ್ನು ಮಾಡುತ್ತ ಬಂದ ನಮಗೆ ಈ ಮಾತನ್ನು ಒಪ್ಪಲು ಸಾಧ್ಯವಾಗಿಲ್ಲ. ಕೊಳೆರೋಗಕ್ಕೆ ಉದುರಿದ ಅಡಿಕೆಯನ್ನು ನಾವು ಲೆಕ್ಕ ಹಾಕುತ್ತೇವೆ. ಹಂದಿ ಅಗೆದುಹೋದ ಬಾಳೆಯನ್ನು ಲೆಕ್ಕ ಹಾಕುತ್ತೇವೆ. ಸರಿಯಾಗಿ ಬರೆಯದ ಕಾರಣದಿಂದ ಕೈತಪ್ಪಿದ ಹಣವನ್ನು ಮಾತ್ರ ಲೆಕ್ಕ ಹಾಕಿದವರಿಲ್ಲ. ಅದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ ಎಂಬುದೇ ಈ ಲೇಖನದ ಉದ್ದೇಶ.

2019ರ ಆಗಸ್ಟ್ ತಿಂಗಳ ಗಾಳಿಮಳೆಯನ್ನು ವಾಚಕರು ಮರೆತಿರಲಾರರು. ನಮ್ಮ ನೆರೆಯ ಕೃಷಿಕರೊಬ್ಬರ ತೋಟದಲ್ಲಿ ಅಂದು ರಾತ್ರಿ ಬಹಳಷ್ಟು ಅಡಿಕೆ ಮರಗಳು ಬಿದ್ದುವು. ಅವರು ಪರಿಹಾರಕ್ಕೆ ಅರ್ಜಿ ಬರೆದು ಕೊಟ್ಟರು. ಕೆಲವು ವಾರಗಳ ಮೇಲೆ, ವಿವರ ಸಾಲದು ಎಂಬ ಮಾತಿನೊಂದಿಗೆ ಅರ್ಜಿ ಹಿಂದೆ ಬಂತು. ಅದನ್ನು ಹಿಡಿದುಕೊಂಡು ಅವರು ನಮ್ಮ ಮನೆಗೆ ಬಂದರು.

"ಮಾಷ್ಟ್ರೇ, ಇದರಲ್ಲಿ ಏನು ತಪ್ಪುಂಟು ನೋಡಿ. ಎಲ್ಲ ಬರೆದಿದ್ದೇನಲ್ಲ?"

ಅರ್ಜಿ ಒಂದೂವರೆ ಪುಟದಷ್ಟಿತ್ತು. ತಾನು ಬಡ ಕೃಷಿಕನೆಂದೂ, ಹಿರಿಯರ ಕಾಲದಿಂದ ಕೃಷಿಯನ್ನೇ ನಂಬಿದವನೆಂದೂ, ಮೊನ್ನೆಯ ಭೀಕರ ಗಾಳಿಗೆ ತೋಟ ಸರ್ವನಾಶವಾಯಿತೆಂದೂ, ದಯಾಳುಗಳಾದ ತಾವು ಕೃಪಾದೃಷ್ಟಿಯನ್ನಿರಿಸಿ ಸೂಕ್ತ ಪರಿಹಾರ ಒದಗಿಸಬೇಕೆಂದೂ ಅವರು ಬರೆದಿದ್ದರು. ಅಕ್ಷರ ಮುತ್ತಿನಂತಿತ್ತು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ.

"ಎಷ್ಟು ಮರ ಬಿದ್ದದ್ದು?" ಎಂದು ಕೇಳಿದೆವು.

"ನಲ್ವತ್ತಮೂರು. ಅದರಲ್ಲಿ ಐದು ಸಸಿ, ಉಳಿದದ್ದೆಲ್ಲ ಫಲ ಬರುವಂಥದ್ದು."

"ಯಾವ ದಿವಸ?"

"ಎಂಟನೇ ತಾರೀಕು, ಗುರುವಾರ ರಾತ್ರಿ. ಕರೆಂಟು ಹೋದ ಮೇಲೆ."

ಬಾಯಿಯಲ್ಲಿ ಎಲ್ಲವೂ ಇತ್ತು. ಕಾಗದದಲ್ಲಿ ಒಂದೂ ಇರಲಿಲ್ಲ. ಮರಗಳ ಸಂಖ್ಯೆ ಇಲ್ಲ, ತಾರೀಕಿನ ಬದಲು 'ಮೊನ್ನೆ' ಇದೆ, ತೋಟ ಯಾವ ಸರ್ವೆ ನಂಬ್ರದಲ್ಲಿ ಉಂಟೆಂಬುದಿಲ್ಲ. ಓದಿದ ಅಧಿಕಾರಿಗೆ ಕನಿಕರ ಹುಟ್ಟಬಹುದು. ಆದರೆ ಕನಿಕರವನ್ನು ಬರೆದುಕೊಳ್ಳಲು ಕಡತದಲ್ಲಿ ಅಂಕಣವಿಲ್ಲ. ಸರಿಯಾದ ಅರ್ಜಿಯನ್ನು ಪುನಃ ಬರೆಯುವ ಹೊತ್ತಿಗೆ ಬಿದ್ದ ಮರಗಳನ್ನು ಕಡಿದು ದಂಬೆ ಮಾಡಿ ಆಗಿತ್ತು. ಎಣಿಸಿ ತೋರಿಸಲು ತೋಟದಲ್ಲಿ ಏನೂ ಉಳಿದಿರಲಿಲ್ಲ. ಅವರಿಗೆ ಆ ವರ್ಷ ಒಂದು ಪೈಸೆಯೂ ಸಿಗಲಿಲ್ಲ.

ಈ ತಪ್ಪು ಯಾರದ್ದು? ಅಧ್ಯಾಪಕರಾದ ನಾವು ಬೇರೆಯವರನ್ನು ದೂರುವುದಕ್ಕೆ ಮೊದಲು ನಮ್ಮನ್ನೇ ನೋಡಿಕೊಳ್ಳಬೇಕು. ಪತ್ರಲೇಖನವೆಂದು ನಾವು ತರಗತಿಯಲ್ಲಿ ಏನನ್ನು ಕಲಿಸುತ್ತೇವೆ? ಜ್ವರ ಬಂದುದರಿಂದ ಎರಡು ದಿನ ರಜೆ ಕೊಡಬೇಕೆಂಬ ಪತ್ರ. ಪ್ರವಾಸಕ್ಕೆ ಹಣ ಕಳುಹಿಸಬೇಕೆಂದು ತಂದೆಗೆ ಪತ್ರ. ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಮೇಲೆ ಬಲಗಡೆ ಸ್ಥಳ, ತಾರೀಕು, ಕೆಳಗೆ 'ಇಂತಿ ತಮ್ಮ ವಿಧೇಯ'. ಈ ಹೊರರೂಪಕ್ಕೆ ಅಂಕ ಕೊಡುತ್ತೇವೆ. ಒಳಗಿನ ಸಂಗತಿ ಸರಿಯಾಗಿದೆಯೋ, ಓದಿದವನು ಇದರಿಂದ ಏನಾದರೂ ಕೆಲಸ ಮಾಡಲು ಸಾಧ್ಯವೋ ಎಂದು ನೋಡುವುದಿಲ್ಲ. ಹತ್ತು ವರ್ಷ ಹೀಗೆ ಕಲಿತ ಹುಡುಗ ಮುಂದೆ ಕೃಷಿಕನಾಗಿ ಅರ್ಜಿ ಬರೆದರೆ ಅದರಲ್ಲಿ ವಿಧೇಯತೆ ಇರುತ್ತದೆ, ವಿವರ ಇರುವುದಿಲ್ಲ. ನಮ್ಮ ನೆರೆಯವರು ನಾವು ಕಲಿಸಿದ್ದನ್ನೇ ಬರೆದರು.

ಅಧ್ಯಾಪಕ ತರಬೇತಿಯ ಕಾಲದಲ್ಲಿ ನಮ್ಮಿಂದ ದಿನವೂ ಪಾಠದ ಟಿಪ್ಪಣಿ ಬರೆಸುತ್ತಿದ್ದರು. ಇಂದು ಯಾವ ವಿಷಯ, ಎಷ್ಟು ಹೊತ್ತು, ಯಾವ ಉಪಕರಣ, ಕೊನೆಗೆ ಮಕ್ಕಳಿಗೆ ಏನು ತಿಳಿದಿರಬೇಕು, ಇಷ್ಟನ್ನು ಮೊದಲೇ ಬರೆದಿಟ್ಟುಕೊಳ್ಳದೆ ತರಗತಿಗೆ ಹೋಗುವಂತಿರಲಿಲ್ಲ. ಆಗ ಅದು ದೊಡ್ಡ ಪೀಡೆಯೆಂದು ತೋರುತ್ತಿತ್ತು. ಅದರ ಬೆಲೆ ನಮಗೆ ತಿಳಿದದ್ದು ತೋಟದಲ್ಲಿ. ಯಾವ ಅರ್ಜಿಗಾದರೂ ಐದು ಪ್ರಶ್ನೆಗಳು ಸಾಕು. ನಾನು ಯಾರು? ಏನಾಯಿತು? ಎಲ್ಲಿ? ಯಾವಾಗ? ನನಗೆ ಆಗಬೇಕಾದ್ದೇನು? ಈ ಐದಕ್ಕೂ ಉತ್ತರ ಬಂದಿದ್ದರೆ ಅರ್ಜಿ ಪೂರ್ತಿಯಾಯಿತು. ಒಂದು ಬಿಟ್ಟುಹೋದರೂ ಅದು ಹಿಂದೆ ಬರುತ್ತದೆ. ನೆರೆಯವರ ಒಂದೂವರೆ ಪುಟವನ್ನು ಈ ರೀತಿಯಲ್ಲಿ ಬರೆದಾಗ ಹೀಗಾಯಿತು:

"ವಿಷಯ: ಗಾಳಿಮಳೆಗೆ 43 ಅಡಿಕೆ ಮರಗಳು ಬಿದ್ದ ಬಗ್ಗೆ. 2019ನೇ ಆಗಸ್ಟ್ 8ನೇ ತಾರೀಕು ರಾತ್ರಿಯ ಗಾಳಿಮಳೆಗೆ ನನ್ನ ತೋಟದ 43 ಅಡಿಕೆ ಮರಗಳು ಬಿದ್ದಿವೆ. ಇವುಗಳಲ್ಲಿ 38 ಫಲ ಕೊಡುವವು, 5 ಸಸಿಗಳು. ತೋಟವು ಇಂಥ ಗ್ರಾಮದ ಇಂಥ ಸರ್ವೆ ನಂಬ್ರದಲ್ಲಿದ್ದು, 60 ಸೆಂಟ್ಸ್ ವಿಸ್ತೀರ್ಣದ್ದಾಗಿದೆ. ತಾವು ಸ್ಥಳಕ್ಕೆ ಬಂದು ನೋಡಿ ಪರಿಹಾರಕ್ಕೆ ಶಿಫಾರಸು ಮಾಡಬೇಕಾಗಿ ಕೋರುತ್ತೇನೆ. ತಾವು ನೋಡುವವರೆಗೆ ಬಿದ್ದ ಮರಗಳನ್ನು ತೆಗೆಯುವುದಿಲ್ಲ. ಭೂತೆರಿಗೆ ರಶೀದಿ ಮತ್ತು ಬ್ಯಾಂಕಿನ ಪಾಸ್‌ಬುಕ್ಕಿನ ಪ್ರತಿಗಳನ್ನೂ 4 ಚಿತ್ರಗಳನ್ನೂ ಇದರೊಂದಿಗೆ ಇರಿಸಿದ್ದೇನೆ."

ಕೆಳಗೆ ಹೆಸರು, ವಿಳಾಸ, ಫೋನ್ ನಂಬ್ರ. ಮುಗಿಯಿತು. ಇದರಲ್ಲಿ 'ದಯಾಳು' ಎಂಬ ಮಾತಿಲ್ಲ. ಇದ್ದರೆ ಅಡ್ಡಿಯೂ ಇಲ್ಲ. ಆದರೆ ಮೊದಲ ವಾಕ್ಯದಲ್ಲಿಯೇ ಸಂಗತಿ ಇರತಕ್ಕದ್ದು. ದಿನಕ್ಕೆ ಹಲವು ಕಾಗದಗಳನ್ನು ಓದುವವನು ನಮ್ಮ ಕಷ್ಟದ ಪೀಠಿಕೆಯನ್ನು ದಾಟಿ ಸಂಗತಿಗೆ ಬರುವಷ್ಟರಲ್ಲಿ ಬೇಸತ್ತಿರುತ್ತಾನೆ.

ವಿಸ್ತೀರ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ನಾವು ಮಾತನಾಡುವುದು ಸೆಂಟ್ಸಿನಲ್ಲಿ. ತೆರಿಗೆ ರಶೀದಿಯಲ್ಲಿ ಇರುವುದು ಆರ್ ಮತ್ತು ಹೆಕ್ಟೇರ್. ಒಂದು ಆರ್ ಎಂದರೆ 100 ಚದರ ಮೀಟರ್, ಅಂದರೆ ಸುಮಾರು 2.47 ಸೆಂಟ್ಸ್. ನೆರೆಯವರ 60 ಸೆಂಟ್ಸ್ ರಶೀದಿಯಲ್ಲಿ 24.28 ಆರ್ ಆಗಿರುತ್ತದೆ. ಅರ್ಜಿಯಲ್ಲಿ ಒಂದು ಅಂಕೆ, ಜತೆಗಿರಿಸಿದ ರಶೀದಿಯಲ್ಲಿ ಇನ್ನೊಂದು ಅಂಕೆ ಕಂಡರೆ ಸಂಶಯ ಹುಟ್ಟುವುದು ಸಹಜ. ಎರಡನ್ನೂ ಬರೆಯುವುದೇ ಲೇಸು. ಹಾಗೆಯೇ ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರನ್ನೂ ತಾರೀಕನ್ನೂ ಹಾಕಿಸಿಕೊಂಡು ಮನೆಯಲ್ಲಿ ಇಡತಕ್ಕದ್ದು. ಆನ್‌ಲೈನಿನಲ್ಲಿ ಸಲ್ಲಿಸಿದರೆ ಅದರ ನಂಬ್ರವನ್ನು ಬರೆದಿಟ್ಟುಕೊಳ್ಳತಕ್ಕದ್ದು. ಕೊಟ್ಟೆನೆಂಬ ಮಾತಿಗೆ ಸಾಕ್ಷಿ ಬೇಕು. ಮೊಹರು ಬಿದ್ದ ಪ್ರತಿ ಆ ಸಾಕ್ಷಿ.

ಸಮಯದ ಬೆಲೆಯನ್ನಂತೂ ಹೇಳದೆ ಉಪಾಯವಿಲ್ಲ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಭೂಕುಸಿತದಂತಹ ಸ್ಥಳೀಯ ಹಾನಿಗೆ 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವುಂಟು. 72 ಗಂಟೆ ಎಂದರೆ ಮೂರೇ ದಿವಸ. ಬರೆದುಕೊಡುವವರನ್ನು ಹುಡುಕುವುದರಲ್ಲಿಯೇ ಎರಡು ದಿವಸ ಕಳೆಯುವವನಿಗೆ ವಿಮೆಯಿಂದೇನು ಪ್ರಯೋಜನ?

ಇನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂಬ ಪ್ರಶ್ನೆ. ನಮ್ಮಂಥ ಗಡಿನಾಡಿನವರಿಗೆ ಇದು ಸಣ್ಣ ಪ್ರಶ್ನೆಯಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಸಂವಿಧಾನದ 350ನೇ ಅನುಚ್ಛೇದವು ಯಾವುದೇ ಕುಂದುಕೊರತೆಯ ಬಗ್ಗೆ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. 1969ರ ಕೇರಳದ ಆಡಳಿತಭಾಷಾ ಕಾಯಿದೆಯೂ ಇಲ್ಲಿನ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ಕೊಟ್ಟಿತು. ಹಕ್ಕು ಇದೆ, ಆದರೆ ಉಳದ ಗದ್ದೆಯಂತೆ, ಬಳಸದ ಹಕ್ಕೂ ಹಡಿಲು ಬೀಳುತ್ತದೆ. ಕನ್ನಡದಲ್ಲಿ ಅರ್ಜಿಗಳೇ ಬರುವುದಿಲ್ಲವೆಂದಾದರೆ ಕನ್ನಡ ಬಲ್ಲ ಗುಮಾಸ್ತನ ಆವಶ್ಯಕತೆಯೇ ಇಲ್ಲವೆಂದು ನಾಳೆ ಯಾರಾದರೂ ಹೇಳಿದರೆ ನಮ್ಮಲ್ಲಿ ಉತ್ತರವಿರುವುದಿಲ್ಲ.

ಆದರೆ ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕು. ಕನ್ನಡದಲ್ಲಿ ಬರೆಯುವ ಹಕ್ಕಿಗಾಗಿ ಸಭೆಗಳಲ್ಲಿ ಗಟ್ಟಿಯಾಗಿ ಮಾತನಾಡುವ ನಾವು, ಬರೆಯುವಾಗ ಯಾರಿಗೂ ತಿಳಿಯದ ಕನ್ನಡವನ್ನು ಬರೆಯುತ್ತೇವೆ. 'ಸನ್ನಿಧಾನಕ್ಕೆ ವಿಜ್ಞಾಪಿಸಿಕೊಳ್ಳುವುದೇನೆಂದರೆ' ಎಂದು ಆರಂಭಿಸಿ ಎಂಟು ಸಾಲುಗಳ ಒಂದು ವಾಕ್ಯ ಮಾಡುತ್ತೇವೆ. ಅಲ್ಪಸ್ವಲ್ಪ ಕನ್ನಡ ಓದಬಲ್ಲ ಅಧಿಕಾರಿಯೂ ಅದರಲ್ಲಿ ದಾರಿ ತಪ್ಪುತ್ತಾನೆ. ಚಿಕ್ಕ ವಾಕ್ಯ, ದಿನಬಳಕೆಯ ಮಾತು, ಅಂಕೆಗಳಲ್ಲಿ ಬರೆದ ಸಂಖ್ಯೆ, ಇವಿದ್ದರೆ ಕನ್ನಡದ ಅರ್ಜಿಗೆ ಅರ್ಧ ಬಲ ಬಂದಂತೆ. ಕೆಲವರು ಕರ್ನಾಟಕದಲ್ಲಿ ಅಚ್ಚಾದ ಮಾದರಿ ಪತ್ರಗಳ ಪುಸ್ತಕವನ್ನು ನೋಡಿ ಬರೆಯುತ್ತಾರೆ. ಅದರಲ್ಲಿ ಪಹಣಿ ಇರುತ್ತದೆ, ಗ್ರಾಮಲೆಕ್ಕಿಗರಿರುತ್ತಾರೆ. ನಮ್ಮಲ್ಲಿ ಪಹಣಿಯೂ ಇಲ್ಲ, ಗ್ರಾಮಲೆಕ್ಕಿಗರೂ ಇಲ್ಲ. ಇರುವುದು ವಿಲೇಜ್ ಆಫೀಸು, ಕೃಷಿ ಭವನ, ತೆರಿಗೆ ರಶೀದಿ. ಕಚೇರಿಯವರಿಗೂ ನಮಗೂ ಗೊತ್ತಿರುವ ಈ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದರೆ ಕನ್ನಡಕ್ಕೆ ಯಾವ ಕುಂದೂ ಬರುವುದಿಲ್ಲ.

"ಅಲ್ಲಿ ಕನ್ನಡ ತಿಳಿದವರೇ ಇಲ್ಲದಿದ್ದರೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬಿದ್ದ ಮರ ಭಾಷೆಯ ತೀರ್ಮಾನವನ್ನು ಕಾಯುವುದಿಲ್ಲ. ಅಂಥಲ್ಲಿ ಕನ್ನಡದ ಅರ್ಜಿಯ ಜತೆಗೆ ಮಲೆಯಾಳದಲ್ಲಿ ನಾಲ್ಕು ಸಾಲು ಬರೆದು ಇರಿಸುವುದರಿಂದ ನಾವು ಸೋತಂತಾಗುವುದಿಲ್ಲ. ನಮ್ಮ ಮಕ್ಕಳು ಮಲೆಯಾಳವನ್ನೂ ಚೆನ್ನಾಗಿ ಓದಿ ಬರೆಯಲು ಕಲಿಯಲಿ. ಸ್ವಂತ ಭಾಷೆಯಲ್ಲಿ ಅಚ್ಚುಕಟ್ಟಾಗಿ ಬರೆಯಬಲ್ಲ ಮಗು ಇನ್ನೊಂದರಲ್ಲಿಯೂ ಬರೆಯಬಲ್ಲದು. ಒಂದರಲ್ಲಿಯೂ ಬರೆಯಲಾರದ ಮಗುವಿಗೆ ಮೂರು ಭಾಷೆ ಕಲಿಸಿ ಫಲವಿಲ್ಲ.

ಅರ್ಜಿಗೆ ಉತ್ತರವೇ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಉಂಟು. 10 ರೂಪಾಯಿ ಶುಲ್ಕ; ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಅಲ್ಲಿಯೂ ಬರವಣಿಗೆಯ ಪ್ರಶ್ನೆಯೇ ಬರುತ್ತದೆ. 'ನನಗೆ ಏಕೆ ಅನ್ಯಾಯ ಮಾಡಿದಿರಿ?' ಎಂದು ಕೇಳಿದರೆ ಅದಕ್ಕೆ ಕೊಡಲು ಅವರಲ್ಲಿ ದಾಖಲೆ ಇರುವುದಿಲ್ಲ. 'ಇಂಥ ತಾರೀಕಿನ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿಗಳ ಪ್ರತಿ ಕೊಡಿ' ಎಂದು ಕೇಳಿದರೆ ಕೊಡಲೇಬೇಕಾಗುತ್ತದೆ. ಸಿಟ್ಟಿನಲ್ಲಿ ಬರೆದದ್ದನ್ನು ಒಂದು ರಾತ್ರಿ ಇಟ್ಟು, ಬೆಳಗ್ಗೆ ಓದಿ, ಆಮೇಲೆ ಕಳುಹಿಸುವುದು ಒಳ್ಳೆಯ ಪದ್ಧತಿ.

ಬರವಣಿಗೆ ಕಚೇರಿಗೆ ಮಾತ್ರ ಬೇಕಾದದ್ದೆಂದು ತಿಳಿಯಬಾರದು. ತೋಟದೊಳಗೂ ಅದು ಬೇಕು. ನಮ್ಮ ಅಜ್ಜ ಐದನೇ ತರಗತಿಯವರೆಗೆ ಓದಿದವರು. ಆದರೂ ರಾತ್ರಿ ಊಟವಾದ ಮೇಲೆ ಲೆಕ್ಕದ ಪುಸ್ತಕದಲ್ಲಿ ಎರಡು ಸಾಲು ಬರೆಯದೆ ಮಲಗಿದವರಲ್ಲ. ಯಾರು ಕೆಲಸಕ್ಕೆ ಬಂದರು, ಏನು ಕೊಟ್ಟೆ, ಮಳೆ ಬಂತೋ ಇಲ್ಲವೋ, ಇಷ್ಟೇ. ತರಬೇತಿ ಪಡೆದ ಅಧ್ಯಾಪಕರಾದ ನಾವು ಬಹಳ ಕಾಲ ಅಷ್ಟನ್ನೂ ಮಾಡಿರಲಿಲ್ಲ. ಆರಂಭಿಸಿದ್ದು 2018ರಲ್ಲಿ. ಆ ವರ್ಷ ಮಳೆ ಬಿರುಸಾಗಿತ್ತು, ಕೊಳೆರೋಗವೂ ಜೋರಾಗಿತ್ತು. ನಮ್ಮ ತೋಟದಲ್ಲಿಯೂ ಕಾಯಿ ಉದುರಿತು. ಬೋರ್ಡೋ ಮದ್ದಿನಲ್ಲಿಯೇ ದೋಷವೆಂದು ನಾವು ಅಂಗಡಿಯವರನ್ನು ದೂರಲು ಹೊರಟಿದ್ದೆವು. ಪುಸ್ತಕ ತೆರೆದು ನೋಡಿದರೆ ಮೊದಲ ಸಲ ಮದ್ದು ಬಿಟ್ಟದ್ದು ಮೇ 28ಕ್ಕೆ, ಎರಡನೆಯ ಸಲ ಜುಲೈ 27ಕ್ಕೆ. ನಡುವೆ 60 ದಿನಗಳು! 40ರಿಂದ 45 ದಿನಗಳೊಳಗೆ ಬಿಡಬೇಕಾದ ಮದ್ದನ್ನು ಮಳೆ ಬಿಡಲೆಂದು ಕಾಯುತ್ತ ಕಾಯುತ್ತ ನಾವು ಅಷ್ಟು ಮುಂದೆ ಹಾಕಿದ್ದೆವು. ನೆನಪಿನಲ್ಲಿ ಅದು 'ಒಂದು ತಿಂಗಳು, ಮೇಲೆ ಸ್ವಲ್ಪ' ಎಂದಿತ್ತು. ನೆನಪು ನಮ್ಮ ಪಕ್ಷ ವಹಿಸಿ ಮಾತನಾಡುತ್ತದೆ, ಪುಸ್ತಕಕ್ಕೆ ದಾಕ್ಷಿಣ್ಯವಿಲ್ಲ.

ಕೆಲಸದವರಿಗೆ ಹೇಳುವ ಮಾತಿನಲ್ಲಿಯೂ ನಮ್ಮ ತಪ್ಪೇ ಹೆಚ್ಚು. ಒಮ್ಮೆ ಮದ್ದು ಕಲಸುವ ಹುಡುಗನಿಗೆ "ಸುಣ್ಣ ನೋಡಿಕೊಂಡು ಹಾಕು" ಎಂದು ಹೇಳಿ ಶಾಲೆಗೆ ಹೋದೆವು. ಅವನು ನೋಡಿಕೊಂಡೇ ಹಾಕಿದ್ದ, ಸಾಲಲಿಲ್ಲ. ಮದ್ದು ಹುಳಿಯಾಗಿ ಎಳೆ ಕಾಯಿಗಳು ಸುಟ್ಟುವು. ಬೈಯಬೇಕಾದದ್ದು ಅವನನ್ನಲ್ಲ. ಅಂದಿನಿಂದ ಪಂಪು ಕೊಟ್ಟಿಗೆಯ ಗೋಡೆಯಲ್ಲಿ ಒಂದು ಚೀಟಿ ಅಂಟಿಸಿದ್ದೇವೆ:

"ಮೈಲುತುತ್ತು 1 ಕಿಲೋ, ನೀರು 50 ಲೀಟರ್, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಸುಣ್ಣ 1 ಕಿಲೋ, ನೀರು 50 ಲೀಟರ್, ಬೇರೆ ಡ್ರಮ್ಮಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಸುವುದು. ಕಬ್ಬಿಣದ ಕತ್ತಿ ಅದ್ದಿ ನೋಡುವುದು. ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ."

ಇಷ್ಟು ಬರೆಯಲು ಹತ್ತು ನಿಮಿಷ ಸಾಕಾಯಿತು. ಈಗ ಕೆಲಸಕ್ಕೆ ಬರುವವರಲ್ಲಿ ಬಂಗಾಳ, ಅಸ್ಸಾಮಿನ ಕಡೆಯವರೂ ಇದ್ದಾರೆ. ಅವರಿಗೆ ನಮ್ಮ ಅಕ್ಷರ ಬಾರದು. ಆದುದರಿಂದ ಚೀಟಿಯ ಪಕ್ಕದಲ್ಲಿ ಎರಡು ಡ್ರಮ್ಮುಗಳ ಚಿತ್ರ ಬರೆದು ಅಂಕೆಗಳನ್ನು ದೊಡ್ಡದಾಗಿ ಹಾಕಿದ್ದೇವೆ. ಓದುವವನು ಯಾರೆಂದು ತಿಳಿದು ಬರೆಯುವುದೇ ಒಳ್ಳೆಯ ಬರವಣಿಗೆ. ಅದಕ್ಕೆ ಪಾಂಡಿತ್ಯ ಬೇಡ, ಇನ್ನೊಬ್ಬನ ಜಾಗದಲ್ಲಿ ನಿಂತು ನೋಡುವ ತಾಳ್ಮೆ ಬೇಕು.

ಫೋನು ಬಂದ ಮೇಲೆ ಬರೆಯುವ ಕೆಲಸವೇ ಮುಗಿಯಿತೆಂದು ಯುವಕರು ಹೇಳುತ್ತಾರೆ. ವಾಟ್ಸಾಪಿನಲ್ಲಿ ಮಾತನಾಡಿ ಕಳುಹಿಸಿದರೆ ಸಾಕಂತೆ. ಮನೆಯವರಿಗೆ, ಸ್ನೇಹಿತರಿಗೆ ಅದು ಸಾಕು. ಆದರೆ ಅಡಿಕೆ ಕೊಳ್ಳುವವನಿಗೂ ಬಾಡಿಗೆಗೆ ಜೀಪು ತರುವವನಿಗೂ ಐದು ನಿಮಿಷದ ಮಾತು ಕಳುಹಿಸಿದರೆ ಅವನು ಅದರಲ್ಲಿ ದರವನ್ನೂ ದಿವಸವನ್ನೂ ಎಲ್ಲಿ ಹುಡುಕಬೇಕು? 'ನಾಳೆ ಬೆಳಗ್ಗೆ 7 ಗಂಟೆಗೆ ಜೀಪು ಬೇಕು, 6 ಗೋಣಿ ಅಡಿಕೆ, ಪೇಟೆಗೆ' ಎಂಬ ಒಂದು ಸಾಲು ಸಾಕು. ನಾಳೆ ತಕರಾರು ಬಂದರೆ ತೋರಿಸುವುದಕ್ಕೂ ಆಗುತ್ತದೆ. ಗುರುತಿಲ್ಲದವರಿಗೆ ಸಂದೇಶ ಕಳುಹಿಸುವಾಗ ಹೆಸರು ಮತ್ತು ಊರನ್ನು ಮೊದಲು ಬರೆಯಿರಿ. ನಮ್ಮ ಮುಖ ಅವರಿಗೆ ಕಾಣಿಸುವುದಿಲ್ಲ.

ಈ ವಿಷಯದಲ್ಲಿ ನಮ್ಮ ಹೆಂಗಸರು ಗಂಡಸರಿಗಿಂತ ಮುಂದೆ ಹೋಗಿದ್ದಾರೆಂದು ಹೇಳಲು ಸಂತೋಷವಾಗುತ್ತದೆ. 1998ರಲ್ಲಿ ಕುಟುಂಬಶ್ರೀ ಆರಂಭವಾದ ಮೇಲೆ ನೆರೆಕರೆಯ ಕೂಟಗಳಲ್ಲಿ ಸಭೆಯ ನಡಾವಳಿ, ಉಳಿತಾಯ, ಸಾಲದ ಲೆಕ್ಕ ಎಲ್ಲವನ್ನೂ ಅವರೇ ಬರೆಯುತ್ತಿದ್ದಾರೆ. ಆರಂಭದಲ್ಲಿ ಸಹಿ ಹಾಕಲೂ ಹಿಂಜರಿಯುತ್ತಿದ್ದ ನಮ್ಮ ಊರಿನ ತಾಯಿಯೊಬ್ಬರು ಈಗ ನಡಾವಳಿಯನ್ನು ನಾಲ್ಕು ಸಾಲುಗಳಲ್ಲಿ ಚೊಕ್ಕವಾಗಿ ಬರೆಯುತ್ತಾರೆ. ಅವರಿಗೆ ವ್ಯಾಕರಣ ಕಲಿಸಿದವರಿಲ್ಲ. ಮುಂದಿನ ವಾರ ಅದನ್ನು ಓದಿ ಒಪ್ಪಿಸಬೇಕಾದ ಹೊಣೆಯೇ ಅವರಿಗೆ ಕಲಿಸಿತು.

ಆ ಹೊಣೆಯನ್ನು ಶಾಲೆಯೂ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ತಿಂಗಳಿಗೊಂದು ಸಲವಾದರೂ ಮೇಲಿನ ತರಗತಿಯ ಮಕ್ಕಳು ನಿಜವಾದ ಪತ್ರವೊಂದನ್ನು ಬರೆಯಲಿ. ಊರಿನ ದಾರಿದೀಪ ಉರಿಯದಿದ್ದರೆ ಪಂಚಾಯತಿಗೆ, ಮಣ್ಣು ಪರೀಕ್ಷೆಗೆ ಕೃಷಿ ಭವನಕ್ಕೆ, ಬಸ್ಸು ಹೊತ್ತಿಗೆ ಬಾರದಿದ್ದರೆ ಅದರ ಕಚೇರಿಗೆ. ಬರೆದದ್ದನ್ನು ಕಳುಹಿಸಲಿ, ಉತ್ತರ ಬಂದರೆ ತರಗತಿಯಲ್ಲಿ ಓದಲಿ, ಬಾರದಿದ್ದರೆ ಜ್ಞಾಪನ ಪತ್ರ ಬರೆಯಲಿ. ಅಂಕವನ್ನು 'ಇಂತಿ'ಗೆ ಕೊಡದೆ ಐದು ಪ್ರಶ್ನೆಗಳಿಗೆ ಕೊಡೋಣ. ಊರಿನ ಗ್ರಂಥಾಲಯದಲ್ಲಿ ಭಾನುವಾರ ಸಂಜೆ ಒಂದು ಗಂಟೆ ಓದುಬರಹ ಬಲ್ಲವರು ಕುಳಿತರೆ ಉಳಿದವರಿಗೂ ಸಹಾಯವಾದೀತು. ಆದರೆ ಬರೆದು ಕೊಡುವುದಲ್ಲ, ಅವರಿಂದಲೇ ಬರೆಸುವುದು. ಬರೆದು ಕೊಟ್ಟರೆ ಅವರು ಮುಂದಿನ ವರ್ಷವೂ ನಮ್ಮ ಮನೆಯ ಜಗಲಿಯಲ್ಲಿ ಕಾಯುವವರಾಗುತ್ತಾರೆ.

ನಮ್ಮ ನೆರೆಯವರು ಈಗ ಕಾಯುವುದಿಲ್ಲ. ಮರ ಬಿದ್ದ ಮರುದಿನ ಬೆಳಗ್ಗೆ ಮೊದಲು ಎಣಿಸುತ್ತಾರೆ, ಚಿತ್ರ ತೆಗೆಯುತ್ತಾರೆ, ಆಮೇಲೆ ಕತ್ತಿ ಹಿಡಿಯುತ್ತಾರೆ. ಕಳೆದ ಮಳೆಗಾಲದಲ್ಲಿ ಒಂದು ಅರ್ಜಿಯನ್ನು ತೋರಿಸಲು ಬಂದಿದ್ದರು. ಏಳು ಸಾಲುಗಳಿದ್ದುವು. ತಿದ್ದಲು ನಮಗೆ ಏನೂ ಸಿಗಲಿಲ್ಲ. ಒಂದು ಸಾಲು ಹೆಚ್ಚಾಯಿತೆಂದು ಅವರೇ ಹೇಳಿದರು. ತಾನು ಬಡ ಕೃಷಿಕನೆಂಬ ಸಾಲು. "ಅದು ಇರಲಿ ಮಾಷ್ಟ್ರೇ, ಸುಳ್ಳೇನೂ ಅಲ್ಲವಲ್ಲ" ಎಂದು ನಕ್ಕರು. ಇರಲಿ ಎಂದೆವು. ಸಂಖ್ಯೆ, ತಾರೀಕು, ಸರ್ವೆ ನಂಬ್ರ ಅದಕ್ಕಿಂತ ಮೇಲೆಯೇ ಇದ್ದುವು.

ಕೃಷಿಕ ಬಂಧುಗಳಲ್ಲಿ ನಮ್ಮ ಕೋರಿಕೆ ಇಷ್ಟೆ. ಹಾರೆ, ಪಿಕ್ಕಾಸು, ಕತ್ತಿ ಇಡುವ ಜಾಗದ ಹತ್ತಿರವೇ ಒಂದು ನೋಟುಪುಸ್ತಕವನ್ನೂ ಪೆನ್ನನ್ನೂ ತೂಗುಹಾಕಿರಿ. ಇಂದು ರಾತ್ರಿ ಎರಡು ಸಾಲು ಬರೆಯಿರಿ. ಕತ್ತಿಯಂತೆಯೇ ಪೆನ್ನಿಗೂ ಬಳಸದಿದ್ದರೆ ತುಕ್ಕು ಹಿಡಿಯುತ್ತದೆ.